ಕರುಳಿನ ಪರೀಕ್ಷೆಗೊಂದು ಏಕಾದಶಿ

ಹೊಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ದೃಢ ನಂಬಿಕೆಯಲ್ಲಿ ನಾನು ಐವತ್ತಮೂರು ವರ್ಷ ಸುಖವಾಗಿ ಬದುಕಿದ್ದೆ. ಬ್ರಹ್ಮಾವರದಿಂದ ಕಲ್ಕತ್ತೆಗೆ ಬಂದು, ಸದರ್ನ್ ಅವೆನ್ಯೂ ಪಕ್ಕದ ಗಲ್ಲಿಯೊಂದರಲ್ಲಿ ಇಡ್ಲಿ-ದೋಸೆಯ ಹೋಟೆಲು ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ಈ ಊರಿನ ಜನಕ್ಕೆ ಹೊಟ್ಟೆಯೆಂದರೆ ಮನೆಯ ಕೂಸಿದ್ದ ಹಾಗೆ. ಬೆಳಗ್ಗೆ ಎದ್ದವರು ಮೊದಲು ಅದರ ಯೋಗಕ್ಷೇಮ ವಿಚಾರಿಸುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ನಾನು ಗ್ಯಾಸಿನವರಿಗೆ ಶುಂಠಿ, ಅಜೀರ್ಣದವರಿಗೆ ಓಮ, ಮಲಬದ್ಧತೆಯವರಿಗೆ ಬಾಳೆಹಣ್ಣು ಎಂದು ಪುಕ್ಕಟೆ ಸಲಹೆ ಹಂಚುತ್ತಿದ್ದೆ. ಡಾಕ್ಟರ್ ಆಗಲಿಕ್ಕೆ ನನಗೆ ಕಡಿಮೆಯಿದ್ದದ್ದು ಸರ್ಟಿಫಿಕೇಟ್ ಒಂದೇ.

ಹೀಗಿರುವಾಗ ಊರಿನಲ್ಲಿ ನನ್ನ ಅಣ್ಣಯ್ಯನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಅದು ಮೂಲವ್ಯಾಧಿಯೆಂದು ತಾನೇ ತೀರ್ಮಾನಿಸಿ, ಯಾರಿಗೂ ಹೇಳದೆ, ಮಜ್ಜಿಗೆ ಕುಡಿದುಕೊಂಡು ಇದ್ದನಂತೆ. ಗೊತ್ತಾಗುವಾಗ ತಡವಾಗಿತ್ತು. ಆಪರೇಷನ್ ಆಯಿತು, ಮಲ ಹೋಗಲು ಹೊಟ್ಟೆಯ ಮೇಲೆ ಒಂದು ಚೀಲ ಅಂಟಿಸಿದರು, ಕೀಮೋ ಔಷಧಿ ಏರಿಸುವುದು ಶುರುವಾಯಿತು. ಅಲ್ಲಿನ ಡಾಕ್ಟರು ಹೇಳಿದರಂತೆ: ಒಡಹುಟ್ಟಿದವರು ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏನೂ ತೊಂದರೆ ಇಲ್ಲದಿದ್ದರೂ ಮಾಡಿಸಿಕೊಳ್ಳಬೇಕು. ಅಣ್ಣಯ್ಯನಿಗೆ ಒಡಹುಟ್ಟಿದವನು ನಾನೊಬ್ಬನೇ.

ಆದಿತ್ಯವಾರ ಹತ್ತೂವರೆಗೆ, ತಿಂಡಿಯ ಗಲಾಟೆ ಇಳಿದ ಮೇಲೆ, ಅವನ ಫೋನು ಬರುತ್ತದೆ.

"ಏ ಸೀನ, ಚೆಕ್ ಮಾಡಿಸಿದ್ಯಾ?"

"ಇಲ್ಲ ಅಣ್ಣಯ್ಯ, ಈ ವಾರ ಸ್ವಲ್ಪ ರಶ್ಶು."

ಮುಂದಿನ ವಾರ ಕ್ಯಾಟರಿಂಗ್ ಇತ್ತು. ಅದರ ಮುಂದಿನ ವಾರ ಗ್ರೈಂಡರ್ ಕೆಟ್ಟಿತ್ತು. ನಾಲ್ಕನೆಯ ವಾರ ನನ್ನ ಹತ್ತಿರ ಕಾರಣಗಳು ಮುಗಿದು, ನಾಲಿಗೆ ತಾನಾಗಿಯೇ ಹೊರಳಿತು. "ಮಾಡಿಸಿದೆ ಅಣ್ಣಯ್ಯ. ಎಲ್ಲ ಸರಿ ಉಂಟು."

"ಹೌದಾ," ಎಂದ. "ಒಳ್ಳೇದಾಯ್ತು," ಎಂದು ಫೋನಿಟ್ಟ.

ಕಾಯಿಲೆ ಬಿದ್ದ ಅಣ್ಣನಿಗೆ ಸುಳ್ಳು ಹೇಳಿದ ಮಹಾಪುರುಷ ನಾನು. ನಿಜ ಹೇಳಬೇಕೆಂದರೆ ರಶ್ಶೂ ಇರಲಿಲ್ಲ, ಗ್ರೈಂಡರೂ ಕೆಟ್ಟಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹುಡುಕಿದರೆ ಸಿಕ್ಕೀತು, ಹುಡುಕದಿದ್ದರೆ ಇಲ್ಲವೇ ಇಲ್ಲ ಎಂಬುದು ನನ್ನ ವೈದ್ಯಶಾಸ್ತ್ರ.

ಸುಳ್ಳಿನ ಆಯುಷ್ಯ ಹದಿನೈದು ದಿನ. ಅತ್ತಿಗೆ ನನ್ನ ಹೆಂಡತಿ ಜಲಜನಿಗೆ ಫೋನು ಮಾಡಿ, "ನಿಮ್ಮನೆಯವರದ್ದು ಎಲ್ಲ ಸರಿ ಉಂಟಂತಲ್ಲ, ಸಮಾಧಾನ ಆಯ್ತು," ಎಂದರಂತೆ. ಜಲಜ ಸೌಟು ಹಿಡಿದುಕೊಂಡೇ ಗಲ್ಲಾಪೆಟ್ಟಿಗೆಯ ಹತ್ತಿರ ಬಂದಳು.

"ಯಾವಾಗ ಮಾಡಿಸಿದ್ದು? ಯಾವ ಆಸ್ಪತ್ರೆ? ಆಗ ನಾನೆಲ್ಲಿದ್ದೆ?"

ಮರುದಿನ ನಾನು ಡಾಕ್ಟರರ ಮುಂದೆ ಕೂತಿದ್ದೆ, ಪಕ್ಕದಲ್ಲಿ ಜಲಜ, ಈ ಸಲ ಸೌಟಿಲ್ಲದೆ.

ಡಾಕ್ಟರು ನಲವತ್ತರ ಆಸುಪಾಸಿನ ಬಂಗಾಳಿ ಹೆಂಗಸು. ಸಮಾಧಾನದ ಮಾತು, ನಗುಮುಖ. ಅಣ್ಣನಿಗೇ ಬಂದಿರುವುದರಿಂದ ನೇರ ಕೊಲೊನೋಸ್ಕೋಪಿ ಒಳ್ಳೆಯದೆಂದರು. ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಹಿಂದಿನಿಂದ ಕಳಿಸಿ ಇಡೀ ದೊಡ್ಡ ಕರುಳನ್ನು ನೋಡುವ ಕ್ರಮ. ನನಗೆ ಆ 'ಹಿಂದಿನಿಂದ' ಎಂಬುದೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಸಣ್ಣದು ಯಾವುದಾದರೂ ಇಲ್ಲವೆ, ಡಾಕ್ಟರ್?" ಎಂದೆ, ತರಕಾರಿ ಮಾರ್ಕೆಟ್ಟಿನ ದನಿಯಲ್ಲಿ.

ಅರ್ಧ ಗಂಟೆ ಚೌಕಾಸಿಯಾದ ಮೇಲೆ ಅವರು ನಿಟ್ಟುಸಿರು ಬಿಟ್ಟು ಮಲಪರೀಕ್ಷೆಗೆ ಇಳಿದರು. ಕಣ್ಣಿಗೆ ಕಾಣದಷ್ಟು ರಕ್ತ ಹೋಗುತ್ತಿದ್ದರೂ ಅದರಲ್ಲಿ ಗೊತ್ತಾಗುತ್ತದೆ. ಆದರೆ ಏನಾದರೂ ಬಂದರೆ ಕೊಳವೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಷರತ್ತು ಹಾಕಿದರು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಪರೀಕ್ಷೆಗೆ ಕೊಟ್ಟದ್ದು ಬೆರಳುದ್ದದ ಬಾಟ್ಲಿ, ಅದರ ಮುಚ್ಚಳಕ್ಕೇ ಅಂಟಿಕೊಂಡ ಒಂದು ಕಡ್ಡಿ. ಕಡ್ಡಿಯಿಂದ ನಾಲ್ಕು ಕಡೆ ಗೀರಿ, ಬಾಟ್ಲಿಗೆ ಸಿಕ್ಕಿಸಿ ಮುಚ್ಚಿದರೆ ಮುಗಿಯಿತು. ಇಷ್ಟು ಸುಲಭದ ಕೆಲಸದಲ್ಲೂ ನಾನು ಕೈಚಳಕ ತೋರಿಸದೆ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಪಾರ್ಸೆಲ್ ಕಟ್ಟಿದ ಕೈ ನೋಡಿ. ಬಾಟ್ಲಿಯನ್ನು ಹಾಗೇ ಒಯ್ಯಲು ಮನಸ್ಸು ಬರಲಿಲ್ಲ. ಬಾಳೆಲೆಯಲ್ಲಿ ಸುತ್ತಿ, ಪೇಪರಿನಲ್ಲಿ ಮಡಚಿ, ನೂಲು ಬಿಗಿದು, ನಮ್ಮ ಹೋಟೆಲಿನ ಹೆಸರು ಅಚ್ಚಾದ ಚೀಲದಲ್ಲಿ ಇಟ್ಟುಕೊಂಡು ಎಸ್ಪ್ಲನೇಡಿನ ಲ್ಯಾಬಿಗೆ ಮೆಟ್ರೊ ಹತ್ತಲು ಹೊರಟೆ.

ಸ್ಟೇಷನ್ನಿನಲ್ಲಿ ಚೀಲ ತಪಾಸಣೆ ಮಾಡುವವನು ಪೊಟ್ಟಣವನ್ನು ಕೈಗೆತ್ತಿಕೊಂಡ. "ಕೀ ಆಛೆ ದಾದಾ, ಇಡ್ಲಿ?" ಎಂದು ಪ್ರೀತಿಯಿಂದ ಕೇಳಿದ.

"ಇಲ್ಲ," ಎಂದೆ.

"ದೋಸಾ?" ಎನ್ನುತ್ತಾ ಮೂಗಿನ ಹತ್ತಿರ ತಂದ.

ಇನ್ನು ಮುಚ್ಚಿಡುವುದು ಮಹಾಪಾಪ. ಕಿವಿಯ ಹತ್ತಿರ ಬಗ್ಗಿ ವಿಷಯ ಹೇಳಿದೆ. ಅವನು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಪ್ರಸಾದದಂತೆ ನನಗೆ ಹಿಂದಿರುಗಿಸಿದ. ಲ್ಯಾಬಿನ ಹುಡುಗಿ ನೂಲು ಬಿಚ್ಚಿ, ಪೇಪರು ಬಿಡಿಸಿ, ಬಾಳೆಲೆ ತೆರೆದು ನನ್ನ ಮುಖ ನೋಡಿದಳು.

ಎರಡು ದಿನದಲ್ಲಿ ರಿಪೋರ್ಟ್ ಮಗಳ ಮೊಬೈಲಿಗೆ ಬಂತು. ನಮ್ಮ ಮೇಧಾ ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಮೂರು ಭಾಷೆ ಬೇಕಾಗುತ್ತದೆ. "ಅಪ್ಪಾ, ಪಾಸಿಟಿವ್ ಬಂದಿದೆ. ಬಟ್ ಟೆನ್ಷನ್ ಮತ್ ಲೋ," ಎಂದಳು. ರಕ್ತದ ಅಂಶ ಸಿಕ್ಕಿದೆ ಅಂದರೆ ಕ್ಯಾನ್ಸರ್ ಎಂದಲ್ಲ, ಮೂಲವ್ಯಾಧಿ ಇರಬಹುದು, ಸಣ್ಣ ಗಂಟು ಇರಬಹುದು, ನೋಡದೆ ಹೇಳಲಾಗುವುದಿಲ್ಲ ಎಂದು ಡಾಕ್ಟರೂ ಫೋನಿನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು.

ಮೂಲವ್ಯಾಧಿ ಇರಬಹುದು ಎಂದ ಕೂಡಲೇ ನನಗೆ ಅಣ್ಣಯ್ಯನ ಮಜ್ಜಿಗೆ ನೆನಪಾಯಿತು. ಅಣ್ಣಯ್ಯನೂ ಇದೇ ಮಾತು ಹೇಳಿಕೊಂಡು ಕೂತಿದ್ದವನಲ್ಲವೆ. ಅವತ್ತು ಗಲ್ಲಾದಲ್ಲಿ ಕೂತು ದೋಸೆಗೆ ಬಂದವರಿಗೆ ಚಿಲ್ಲರೆ ಕೊಡುತ್ತಾ, ಇವರೆಲ್ಲ ನಾನಿಲ್ಲದ ಮೇಲೂ ಹೀಗೇ ಬಂದು ಎರಡನೇ ಸಲ ಚಟ್ನಿ ಕೇಳುತ್ತಾರೆ ಎಂದು ಯೋಚಿಸಿ ದುಃಖಪಟ್ಟೆ.

ಕೊಳವೆಯ ದಿನ ಗೊತ್ತಾಯಿತು. ಹೋಗುವ ಮೊದಲು ವ್ಯವಹಾರ ಒಪ್ಪಿಸಿಬಿಡಬೇಕೆಂದು ನಮ್ಮ ಅಡುಗೆಯ ರಾಘು ಭಟ್ಟರನ್ನು ಹಿಂದಿನ ಕೋಣೆಗೆ ಕರೆದೆ. ನಮ್ಮ ಸಾಂಬಾರು ಪುಡಿಯ ಹದವನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿದವನಲ್ಲ. ಬಾಗಿಲು ಹಾಕಿಕೊಂಡು ಒಬ್ಬನೇ ಹುರಿಯುತ್ತಿದ್ದೆ. ಕೊತ್ತಂಬರಿ ಇಷ್ಟು, ಮೆಣಸು ಇಷ್ಟು, ಮೆಂತೆ ಇಷ್ಟು ಎಂದು ಒಂದೊಂದೇ ಹೇಳಿ ಮುಗಿಸಿದೆ.

ಭಟ್ಟರು ಕೇಳಿಸಿಕೊಂಡು ತಲೆ ಕೆರೆದುಕೊಂಡರು. "ಧಣಿ, ಇದು ನಂಗೆ ಹತ್ತು ವರ್ಷದಿಂದ ಗೊತ್ತುಂಟು. ನಿಮ್ಮ ಕೈಯಲ್ಲಿ ಮೆಂತೆ ಸ್ವಲ್ಪ ಜಾಸ್ತಿ ಆಗ್ತದೆ. ನಾನು ಆಮೇಲೆ ಬೇರೆ ಪುಡಿ ಬೆರೆಸಿ ಸರಿ ಮಾಡ್ತಿದ್ದೆ."

ಸಾಯುವವನ ಕೊನೆಯ ಆಸ್ತಿಯೂ ಹೀಗೆ ಹೋಯಿತು.

ಆಸ್ಪತ್ರೆಯಿಂದ ಎರಡು ಪುಟದ ಸೂಚನೆ ಬಂತು. ಮೇಧಾ ಅದನ್ನು ಮೊಬೈಲಿಗೆ ಕಳಿಸಿ, "ಅಪ್ಪಾ, ಪೂರಾ ರೀಡ್ ಮಾಡು. ಪ್ರಾಮಿಸ್?" ಎಂದು ಕೇಳಿ ಆಫೀಸ್ ಕ್ಯಾಬ್ ಹತ್ತಿದಳು. ನಾನು ಮೊದಲ ಸಾಲು ಓದಿದೆ. ಪರೀಕ್ಷೆಗೆ ಮುಂಚೆ ಊಟದ ಪಥ್ಯ, ಕೊನೆಗೆ ಉಪವಾಸ. ಅಷ್ಟು ಸಾಕಾಯಿತು, ಮೊಬೈಲು ಮುಚ್ಚಿಟ್ಟೆ. ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ಫೋನು ಮಾಡಿ, "ಫಾಸ್ಟಿಂಗ್ ಸಮಝ್ ಗಯೇ?" ಎಂದು ಕೇಳಿದರೆ ನನಗೆ ನಗುವೇ ಬಂತು. ಉಡುಪಿ ಕಡೆಯವನಿಗೆ ಉಪವಾಸ ಹೇಳಿಕೊಡಲು ಬಂದಿದ್ದಾರೆ.

ನಮ್ಮ ಮನೆತನದ ಏಕಾದಶಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಮ್ಮಜ್ಜ ಏಕಾದಶಿಯ ದಿನ ನೀರೂ ಮುಟ್ಟುತ್ತಿರಲಿಲ್ಲ. ಅಪ್ಪನ ಕಾಲಕ್ಕೆ ನೀರು, ಹಾಲು, ಬಾಳೆಹಣ್ಣು ಸೇರಿಕೊಂಡವು. ನನ್ನ ಕಾಲಕ್ಕೆ ಬರುವಷ್ಟರಲ್ಲಿ ಅನ್ನವೊಂದನ್ನು ಬಿಟ್ಟು ಉಳಿದದ್ದೆಲ್ಲ ಉಪವಾಸದ ಒಳಗೇ ಬಂದು ಕೂತಿತ್ತು. ಒಂದು ದಿನದ ಬದಲು ಮೂರು ದಿನ ಮಾಡಿದರೆ ಡಾಕ್ಟರಿಗೂ ಸಂತೋಷ, ಆ ನೆಪದಲ್ಲಿ ದೇವರಿಗೂ ಒಂದು ಅರ್ಜಿ ಹೋದ ಹಾಗಾಯಿತು ಎಂದುಕೊಂಡು ಜಲಜನಿಗೆ ಹೇಳಿದೆ. ಅವಳೂ ಅಷ್ಟೇ ಭಕ್ತಿಯಿಂದ ಒಪ್ಪಿದಳು.

ಅನ್ನ ಬಿಟ್ಟೆ. ಇಡ್ಲಿ ಬಿಟ್ಟೆ. ನನ್ನದೇ ಹೋಟೆಲಿನಲ್ಲಿ ದೋಸೆಯ ಪರಿಮಳದ ನಡುವೆ ತಪಸ್ವಿಯಂತೆ ಕೂತೆ. ಬೆಳಗ್ಗೆ ಕಾಯಿತುರಿ ಹಾಕಿ ಕಲಸಿದ ಅವಲಕ್ಕಿ. ಮಧ್ಯಾಹ್ನ ಸೌತೆಕಾಯಿ, ಹೆಸರುಬೇಳೆಯ ಕೋಸಂಬರಿ. ಸಂಜೆ ಪೇರಳೆ, ದಾಳಿಂಬೆ, ಮೇಧಾ ತಂದಿಟ್ಟಿದ್ದ ಡ್ರ್ಯಾಗನ್ ಫ್ರೂಟು. ಮೂರನೆಯ ದಿನ ಮಧ್ಯಾಹ್ನ ಕೊನೆಯ ಪೇರಳೆ ತಿಂದು ಕೈ ತೊಳೆಯುವಾಗ, ಇಷ್ಟು ಕಟ್ಟುನಿಟ್ಟಿನ ರೋಗಿ ಆ ಆಸ್ಪತ್ರೆಗೆ ಹಿಂದೆಂದೂ ಬಂದಿರಲಿಕ್ಕಿಲ್ಲ ಎಂದು ಎದೆಯುಬ್ಬಿತು.

ನಾಲ್ಕು ಗಂಟೆಗೆ ಔಷಧಿಯ ಪುಡಿಯನ್ನು ಎರಡು ಲೀಟರ್ ನೀರಿನಲ್ಲಿ ಕದಡಿ, ಕಾಲು ಗಂಟೆಗೊಂದು ಲೋಟ ಕುಡಿಯಬೇಕಿತ್ತು. ಕರುಳನ್ನು ತೊಳೆದು ಖಾಲಿ ಮಾಡುವ ಮದ್ದು ಅದು. ಒಂದು ಗುಟುಕು ಕುಡಿದೆ. ಉಪ್ಪುನೀರಿಗೆ ಸಕ್ಕರೆ ಹಾಕಿ ಪ್ಲಾಸ್ಟಿಕ್ ಡಬ್ಬ ತೊಳೆದ ರುಚಿ. ಇಂಥ ವಸ್ತು ನಮ್ಮ ಅಡುಗೆಮನೆಯಿಂದ ಯಾರ ಬಾಯಿಗೂ ಹೋಗಿದ್ದಿಲ್ಲ. ನನ್ನೊಳಗಿನ ಹೋಟೆಲಿನವನು ಎದ್ದು ಕೂತ. ಫ್ರಿಜ್ಜಿನಲ್ಲಿ ಊರಿಂದ ತಂದ ಪುನರ್ಪುಳಿಯ ಶರಬತ್ತಿತ್ತು. ಕರಾವಳಿಯವರಿಗೆ ಪಿತ್ತಕ್ಕೂ ಬಿಸಿಲಿಗೂ ಅದೇ ಮದ್ದು. ಹಣ್ಣಿನ ಸಿಪ್ಪೆಯಿಂದ ಇಳಿಸಿದ ಕಡುಗೆಂಪು ರಸ, ಸೋಸಿದರೆ ಒಂದು ಕಸವಿಲ್ಲ. ಅರ್ಧ ಬಾಟ್ಲಿ ಜಗ್ಗಿಗೆ ಸುರಿದು ಚಿಟಿಕೆ ಜೀರಿಗೆ ಪುಡಿ ಉದುರಿಸಿದೆ. ಆಹಾ, ಏನು ರುಚಿ. ಜಲಜ ಕೂಡ ಅರ್ಧ ಲೋಟ ಕೇಳಿದಳು. ಪುಣ್ಯಕ್ಕೆ ನಾನು ಕೊಡಲಿಲ್ಲ.

ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಆದದ್ದನ್ನು ವರ್ಣಿಸಲು ಕನ್ನಡದಲ್ಲಿ ಶಬ್ದವಿದೆ, ಬರೆಯಲು ಧೈರ್ಯವಿಲ್ಲ. ಬಚ್ಚಲಿಗೂ ಹಾಲ್‌ಗೂ ನಡುವೆ ಹತ್ತು ಹೆಜ್ಜೆ. ಆರನೇ ಸಲಕ್ಕೆ ಮರಳಿ ಬರುವುದನ್ನೇ ಬಿಟ್ಟೆ. ಏಳನೇ ಸಲ ಎದ್ದು ನೋಡಿದರೆ ನೀರು ಕೆಂಪಾಗಿತ್ತು.

ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತೆ. ಅಣ್ಣಯ್ಯನಿಗೂ ಹೀಗೇ ಕಂಡಿರಬೇಕು, ಹೀಗೇ ಒಬ್ಬನೇ ಕೂತಿರಬೇಕು, ತಿಂಗಳುಗಟ್ಟಲೆ. ಅವನಿಗೆ ನಾನು ಎಲ್ಲ ಸರಿ ಉಂಟು ಎಂದಿದ್ದೆ.

"ಹೋಯ್, ಎಂತ ಆಯ್ತು? ಮಾತಾಡಿ," ಎಂದು ಜಲಜ ಹೊರಗಿನಿಂದ ಬಾಗಿಲು ಬಡಿದಳು.

"ಜಲಜಾ, ರಕ್ತ."

ಅವಳು ಚಿಲಕ ಅಲುಗಿಸಿದಳು. "ಬಾಗಿಲು ತೆಗೀರಿ. ಒಬ್ರೇ ಕೂರ್ಬೇಡಿ ಒಳಗೆ. ಎಂತದೇ ಇರಲಿ, ಒಟ್ಟಿಗೆ ನೋಡುವ."

ಬಾಗಿಲು ತೆಗೆದೆ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನಾವಿಬ್ಬರೂ ಬಚ್ಚಲ ಹೊಸ್ತಿಲಲ್ಲಿ ಕೂತು ಅತ್ತೆವು. ಆ ಹೊತ್ತಿಗೆ ಸರಿಯಾಗಿ ಆಫೀಸಿನಿಂದ ಬಂದ ಮೇಧಾ ಗಾಬರಿಯಲ್ಲಿ ಒಳಗೆ ಓಡಿದವಳು, ಊಟದ ಮೇಜಿನ ಹತ್ತಿರ ನಿಂತುಬಿಟ್ಟಳು.

"ಅಪ್ಪಾ, ಈ ಜಗ್‌ನಲ್ಲಿ ರೆಡ್ ಕಲರ್ ಏನು?"

"ಪುನರ್ಪುಳಿ."

ಅವಳು ಮೊಬೈಲು ತೆಗೆದು ಮೊದಲ ಪುಟದ ದಪ್ಪ ಅಕ್ಷರದ ಸಾಲನ್ನು ಗಟ್ಟಿಯಾಗಿ ಓದಿದಳು. ಕೆಂಪು, ನೇರಳೆ ಬಣ್ಣದ ಯಾವ ಪಾನೀಯವನ್ನೂ ಕುಡಿಯಬಾರದು. ರಕ್ತದ ಹಾಗೆ ಕಾಣುತ್ತದೆ. ಜಲಜ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

"ಬೇರೆ ಏನೂ ಖಾಯಾ ನಹೀ ಅಲ್ವಾ?" ಎಂದು ಮೇಧಾ ಕೇಳಿದಳು.

"ಎಂತದ್ದೂ ಇಲ್ಲ. ಮೂರು ದಿನ ಉಪವಾಸ," ಎಂದೆ. ಜಲಜ ಹೌದೆಂದು ತಲೆಯಾಡಿಸಿದಳು. ನಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಹಿಂಬದಿ ತೆರೆದ ಒಂದು ನಿಲುವಂಗಿ ಕೊಟ್ಟರು. ಅದನ್ನು ತೊಟ್ಟು ಗೋಡೆಗೆ ಬೆನ್ನು ಹಚ್ಚಿಕೊಂಡು ಏಡಿಯಂತೆ ನಡೆದು ಮಂಚ ಸೇರಿದೆ. ನರ್ಸ್ ಕೇಳಿದಾಗ "ಥ್ರೀ ಡೇಸ್ ಫಾಸ್ಟಿಂಗ್, ಸಿಸ್ಟರ್," ಎಂದು ಮೂರು ಬೆರಳು ತೋರಿಸಿದೆ. ಕೈಗೆ ಒಂದು ಇಂಜೆಕ್ಷನ್ ಚುಚ್ಚಿದರು, ಎಡಮಗ್ಗುಲಿಗೆ ಮಲಗಿ ಎಂದರು. ಇಷ್ಟು ದಿನ ನಾನು ಹೆದರಿ ಸತ್ತ ಆ ಕೊಳವೆ ಯಾವಾಗ ಬಂತು, ಯಾವಾಗ ಹೋಯಿತು, ದೇವರಾಣೆ ನನಗೆ ಗೊತ್ತಿಲ್ಲ. ಎಚ್ಚರವಾದಾಗ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ನಿಂತಿದ್ದರು.

"ಐತಾಳ್ ಬಾಬು, ಇದೇನು?"

ಕಣ್ಣುಜ್ಜಿಕೊಂಡು ನೋಡಿದೆ. "ಪೇರಳೆ ಬೀಜ."

"ಇದು?"

"ದಾಳಿಂಬೆ."

"ಈ ಸಣ್ಣ ಕಪ್ಪು ಚುಕ್ಕೆಗಳು?"

"ಡ್ರ್ಯಾಗನ್ ಫ್ರೂಟ್ ಇರಬೇಕು."

"ಫಾಸ್ಟಿಂಗ್ ಅಂದಿರಲ್ಲ?"

"ಇದು ಫಾಸ್ಟಿಂಗಿನದ್ದೇ, ಡಾಕ್ಟರ್."

ಅವರು ಕುರ್ಚಿ ಎಳೆದು ಕೂತುಕೊಂಡರು. ಬೀಜ, ಸಿಪ್ಪೆ, ಕಾಳು, ತುರಿ ಇವೆಲ್ಲ ದಿನಗಟ್ಟಲೆ ಕರುಳಿನಲ್ಲಿ ಉಳಿಯುತ್ತವೆ, ಬಿಡಬೇಕಾದದ್ದು ಅವನ್ನು. ಬಿಳಿ ಅನ್ನ, ಇಡ್ಲಿಯನ್ನು ಹಿಂದಿನ ದಿನದ ತನಕ ಧಾರಾಳ ತಿನ್ನಬಹುದಿತ್ತು. ಅಂದರೆ ಇಡೀ ಅಡುಗೆಮನೆಯಲ್ಲಿ ನಾನು ತಿನ್ನಬಹುದಾಗಿದ್ದ ಎರಡೇ ವಸ್ತುಗಳನ್ನು ಹುಡುಕಿ ಬಿಟ್ಟಿದ್ದೆ. "ಬೀಜದ ಹಿಂದೆ ಏನಿದೆ ಎಂದು ನನಗೆ ಕಾಣಲಿಲ್ಲ. ಕಾಣದೆ ನಾನು ಸರಿಯಿದೆ ಎಂದು ಬರೆಯುವುದಿಲ್ಲ. ಇನ್ನೊಮ್ಮೆ ಮಾಡಬೇಕು," ಎಂದರು. ನನ್ನ ವೈದ್ಯಶಾಸ್ತ್ರಕ್ಕೂ ಅವರದಕ್ಕೂ ಇದ್ದ ವ್ಯತ್ಯಾಸ ಅಷ್ಟೇ.

ನಡುವೆ ಬಂದ ಆದಿತ್ಯವಾರ ಅಣ್ಣಯ್ಯನ ದನಿ ಬಹಳ ಸೋತಿತ್ತು. ಊಟ ಸೇರುವುದಿಲ್ಲ ಎಂದ. ನಿಜ ಹೇಳುವುದನ್ನು ನಾನು ಮುಂದಕ್ಕೆ ಹಾಕಿದೆ. ಹೋಟೆಲಿನ ಸಮಾಚಾರ ಹೇಳಿ ಫೋನಿಟ್ಟೆ, ಆ ದಿನವಿಡೀ ನನಗೂ ಊಟ ಸೇರಲಿಲ್ಲ.

ಎರಡನೇ ಸಲ ಮೇಧಾ ಮನೆಯಿಂದಲೇ ಕೆಲಸ ಎಂದು ಲ್ಯಾಪ್‌ಟಾಪನ್ನು ಅಡುಗೆಮನೆಯ ಬಾಗಿಲಿಗೆ ತಂದಿಟ್ಟುಕೊಂಡು ಕೂತಳು. ಹಣ್ಣಿನ ಬುಟ್ಟಿ ಭಟ್ಟರ ಮನೆಗೆ ಗಡೀಪಾರಾಯಿತು. ಮೊದಲು ಬರೀ ಅನ್ನ, ಮೊಸರು. ಕೊನೆಯ ದಿನ ಸೋಸಿದ ಗಂಜಿಯ ತಿಳಿ, ಎಳನೀರು, ಹಾಲಿಲ್ಲದ ಲಿಕರ್ ಚಾ. ಪ್ಲಾಸ್ಟಿಕ್ ಡಬ್ಬದ ನೀರನ್ನು ಮೂಗು ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಯ ಹನಿಯ ತನಕ ಕುಡಿದೆ. "ಅಪ್ಪಾ, ಕಲರ್ ಏನು?" ಎಂದು ಮಗಳು, "ಬೀಜ ಉಂಟಾ?" ಎಂದು ಹೆಂಡತಿ ಬಾಗಿಲ ಹೊರಗಿನಿಂದ ಕೂಗಿ ಕೇಳುತ್ತಿದ್ದರು. ಕೆಳಗಿನ ಮನೆಯವರು ಮರುದಿನ ನನ್ನನ್ನು ಬಹಳ ಮರ್ಯಾದೆಯಿಂದ ಮಾತಾಡಿಸಿದರು.

ಈ ಸಲ ಎಚ್ಚರವಾದಾಗ ಪರದೆಯಲ್ಲಿ ಹಣ್ಣಿನಂಗಡಿ ಇರಲಿಲ್ಲ. ಗುಲಾಬಿ ಬಣ್ಣದ ಗೋಡೆ, ಅದರ ಮೇಲೆ ಎರಡು ಗಂಟು. ಒಂದು ಸಾಸಿವೆಯಷ್ಟು, ಒಂದು ಬಟಾಣಿಯಷ್ಟು. ಕೊಳವೆಯ ತುದಿಯಿಂದಲೇ ಅವನ್ನು ಕತ್ತರಿಸಿ ತೆಗೆದಾಗಿತ್ತು, ನೋವಾದದ್ದೇ ಗೊತ್ತಾಗಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಒಂದು ವಾರ ಕಾಯಬೇಕೆಂದರು. ಆ ವಾರ ನಾನು ಯಾವ ಗಿರಾಕಿಗೂ ಶುಂಠಿ ತಿನ್ನಲು ಹೇಳಲಿಲ್ಲ.

ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ. ಆದರೆ ದೊಡ್ಡದನ್ನು ಹಾಗೇ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಆಗಬಹುದಾಗಿದ್ದ ಜಾತಿಯದು. "ಅದು ಕೂತಿದ್ದದ್ದು ನಿಮ್ಮ ಪೇರಳೆ ಬೀಜದ ಹಿಂದೆಯೇ," ಎಂದರು ಡಾಕ್ಟರು. ಮೂರು ವರ್ಷ ಬಿಟ್ಟು ಮತ್ತೆ ನೋಡಬೇಕು. ಜಲಜ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು: "ಈಗ ಭಾವನಿಗೆ ನಿಜ ಹೇಳಿ."

ಆದಿತ್ಯವಾರ ಹತ್ತೂವರೆಗೆ ಕಾಯದೆ ಹತ್ತಕ್ಕೇ ನಾನೇ ಫೋನು ಮಾಡಿದೆ.

"ಅಣ್ಣಯ್ಯ, ಅವತ್ತು ಚೆಕ್ ಮಾಡಿಸಿದೆ ಅಂತ ಹೇಳಿದ್ದು ಸುಳ್ಳು."

"ಗೊತ್ತುಂಟು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು ಮಾರಾಯ? ನಿಂಗೆ ಒಂದು ಶೀತ ಆದ್ರೆ ಅರ್ಧ ಗಂಟೆ ವರದಿ ಒಪ್ಪಿಸ್ತಿ. ಅಷ್ಟು ದೊಡ್ಡ ಪರೀಕ್ಷೆ ಮಾಡಿಸಿದವ ಎರಡು ಮಾತಲ್ಲಿ ಮುಗಿಸ್ತಿಯಾ? ವಾರ ವಾರ ಕಾಯ್ತಿದ್ದೆ, ಇವ ಯಾವಾಗ ಉದ್ದದ ಕತೆ ಶುರು ಮಾಡ್ತಾನೆ ಅಂತ. ಈಗ ಮಾಡಿಸಿ ಆಯ್ತಲ್ಲ? ಮೊದಲಿಂದ ಹೇಳು."

ಹೇಳಿದೆ. ಬಾಳೆಲೆಯ ಪೊಟ್ಟಣದಿಂದ ಹಿಡಿದು ಎಲ್ಲವನ್ನೂ ಹೇಳಿದೆ. 'ಇದು ಫಾಸ್ಟಿಂಗಿನದ್ದೇ' ಎಂಬಲ್ಲಿಗೆ ಬಂದಾಗ ಅಣ್ಣಯ್ಯ ನಗಲು ಶುರುಮಾಡಿದ. ಹಿಂದಿನಿಂದ ಅತ್ತಿಗೆ, "ಸಾಕು ಮಾಡಿ, ಚೀಲ ಎಳೀತದೆ," ಎಂದು ಗದರುವುದು ಕೇಳಿಸಿತು. 'ಸಾಕು' ಎನ್ನಿಸಿಕೊಳ್ಳುವಷ್ಟು ಅವನು ನಗುವುದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

"ಮತ್ತೆ ಯಾವಾಗ ಮಾಡಿಸ್ಬೇಕು?" ಎಂದು ಕೇಳಿದ, ಉಸಿರು ಸುಧಾರಿಸಿಕೊಂಡು.

"ಮೂರು ವರ್ಷ ಬಿಟ್ಟು."

ಅವನ ಆ ಸ್ಥಿತಿಯಲ್ಲಿ ಮೂರು ವರ್ಷ ಎಂದರೆ ಎಷ್ಟು ಎಂದು ಇಬ್ಬರಿಗೂ ಗೊತ್ತಿತ್ತು.

"ಆಗ ನಾನೇ ಕಲ್ಕತ್ತೆಗೆ ಬರ್ತೇನೆ," ಎಂದ. "ನಿನ್ನನ್ನು ಕಾಯ್ಲಿಕ್ಕೆ ಒಬ್ರು ಬೇಕು."

"ಬಾ ಅಣ್ಣಯ್ಯ," ಎಂದೆ.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ದನಿ ಬದಲಿಸಿ ಕೇಳಿದ: "ಏ ಸೀನ, ಎರಡೇ ಶಬ್ದ? ಮತ್ತೆ ಎಂತ ಮುಚ್ಚಿಡ್ತಿದ್ದಿ ಮಾರಾಯ?"